ಕೋಳಿಮರಿಗಳ ಲಾರಿ ನಿಂತ ದಿನ

ನನ್ನ ಗಂಡ ಡೀಸೆಲ್ ಲಾರಿ ರಿಪೇರಿ ಮಾಡುತ್ತಿದ್ದರು. ಮೂವತ್ತೊಂಬತ್ತು ವರ್ಷ ಅದೇ ಕೆಲಸ. ಅವರು ಹೋಗಿ ಎಂಟು ತಿಂಗಳಾಯಿತು. ಸಾವಿಗೆ ಬಂದಿದ್ದ ದೂರದ ನೆಂಟರೊಬ್ಬರು ಬಾಗಿಲಲ್ಲಿ ಚಪ್ಪಲಿ ಮೆಟ್ಟಿಕೊಳ್ಳುತ್ತಾ, “ಪಾಪ, ಕಿವಿ ಇಲ್ಲದೆ ಎಷ್ಟು ಕಷ್ಟಪಟ್ಟನೋ” ಅಂದರು. ಆವತ್ತು ಅವರನ್ನು ಹಾಗೇ ಕಳಿಸಿದೆ. ಈಗ ಹೇಳುತ್ತೇನೆ. ಕಿವಿ ಇರಲಿಲ್ಲ, ಅದು ನಿಜ. ಪಾಪ ಅನ್ನುವುದು ಸುಳ್ಳು.

ನಮ್ಮ ಮನೆ ಅಂದರೆ ಗ್ಯಾರೇಜಿನ ಬೆನ್ನಿಗೆ ಅಂಟಿಕೊಂಡ ಎರಡು ಕೋಣೆ. ಗ್ಯಾರೇಜಿಗೂ ನಮ್ಮ ಅಡುಗೆಮನೆಗೂ ಒಂದೇ ಗೋಡೆ. ಆ ಕಡೆ ಲಾರಿ ಸ್ಟಾರ್ಟ್ ಆದರೆ ಈ ಕಡೆ ನನ್ನ ಲೋಟಗಳು ಕುಣಿಯುತ್ತಿದ್ದವು. ಮದುವೆಯಾದ ಹೊಸದರಲ್ಲಿ ಅದಕ್ಕೆ ತಲೆನೋವು ಬರುತ್ತಿತ್ತು. ಆಮೇಲೆ ಆಮೇಲೆ, ಲೋಟ ಕುಣಿಯದ ದಿನ ತಲೆನೋವು ಬರುತ್ತಿತ್ತು.

ಅವರು ಓದಿದ್ದು ಐದನೇ ಕ್ಲಾಸು, ನಾನು ನಾಲ್ಕನೇದು. ಆ ಒಂದು ಕ್ಲಾಸಿನ ಜಂಬ ಕೊನೆಯವರೆಗೂ ಇತ್ತು. ಊಟಕ್ಕೆ ಕೂತರೆ ಲಾರಿ ಸುದ್ದಿಯೇ. “ಇವತ್ತಿನ ಗಾಡಿಗೆ ಏನಾಗಿತ್ತು ಗೊತ್ತಾ?” ಅನ್ನುತ್ತಿದ್ದರು. ನಾನು ಗೊತ್ತಿಲ್ಲ ಅನ್ನಬೇಕು. ಗೊತ್ತಿದ್ದರೂ ಗೊತ್ತಿಲ್ಲ ಅನ್ನಬೇಕು. ಕೇಳಿ ಕೇಳಿ ಲಾರಿಯ ಹೊಟ್ಟೆಯೊಳಗಿನದೆಲ್ಲ ನನಗೆ ಬಾಯಿಪಾಠ. ಟ್ಯಾಂಕಿನಿಂದ ಪೈಪು. ಪೈಪಿನಿಂದ ಚಿಕ್ಕ ಪಂಪು, ಅದರ ತಲೆಯ ಮೇಲೆ ಕೈಯಲ್ಲಿ ಒತ್ತುವ ಗುಂಡಿ. ಅಲ್ಲಿಂದ ಫಿಲ್ಟರು, ಫಿಲ್ಟರಿನಿಂದ ದೊಡ್ಡ ಪಂಪು, ಕೊನೆಗೆ ಇಂಜಿನ್ನು.

“ಡೀಸೆಲ್ ಬರೋ ದಾರೀಲೇ ನಡೀಬೇಕು ಕಣೇ. ಮಧ್ಯದಲ್ಲಿ ಬಸ್ ಹತ್ತಬಾರದು” ಅನ್ನುತ್ತಿದ್ದರು. ಇನ್ನೊಂದು ಮಾತು: “ಮುಟ್ಟೋದು ಮೊದಲು, ಬಿಚ್ಚೋದು ಕೊನೆಗೆ.” ಬೇರೆಯವರು ಮೊದಲು ಬಿಚ್ಚುತ್ತಿದ್ದರು. ನೆಲದ ತುಂಬ ನಟ್ಟು ಬೋಲ್ಟು ಹರಡಿಕೊಂಡು ಆಮೇಲೆ ತಲೆ ಕೆರೆದುಕೊಳ್ಳುತ್ತಿದ್ದರು.

ಕಿವಿ ಒಂದೇ ದಿನಕ್ಕೆ ಹೋಗಲಿಲ್ಲ. ಮೊದಲು ಗುಬ್ಬಿಗಳ ಸದ್ದು ಹೋಯಿತು. ಆಮೇಲೆ ಕುಕ್ಕರಿನ ಸೀಟಿ. ಆಮೇಲೆ ನನ್ನ ದನಿ. ನನ್ನ ದನಿ ಹೋದಾಗ, “ಅಂತೂ ಮನೇಲಿ ನೆಮ್ಮದಿ ಆಯ್ತು” ಅಂತ ತಮಾಷೆ ಮಾಡಿದರು. ಮಾಡಿ ಗೋಡೆ ಕಡೆ ತಿರುಗಿ ಮಲಗಿದರು. ಡಾಕ್ಟರಿಗೆ ತೋರಿಸಿದೆವು. ಮೂವತ್ತು ವರ್ಷ ಇಂಜಿನ್ನಿನ ಪಕ್ಕ ಕೂತು ನರ ಸವೆದಿದೆ, ಕಿವಿಗೆ ಮಿಷನ್ ಹಾಕಿದರೆ ಗೊರಗೊರ ಅನ್ನುತ್ತೆ, ಮಾತು ಕೇಳೋಲ್ಲ ಅಂದರು.

ಯಾರಿಗೂ ಹೇಳಬೇಡ ಅಂದರು ಇವರು. ಮಗಳಿಗೂ ಬೇಡವಾ? ಮಗಳಿಗೂ ಬೇಡ. ಮದುವೆಯಾಗಿ ಬೇರೆ ಊರಲ್ಲಿದ್ದ ಮಗಳು, “ಅಪ್ಪ ಫೋನಿಗೇ ಬರಲ್ಲ, ನನ್ನ ಮೇಲೆ ಏನು ಸಿಟ್ಟು?” ಅಂತ ಕೊರಗುತ್ತಿದ್ದಳು. ಸ್ನಾನಕ್ಕೆ ಹೋಗಿದ್ದಾರೆ ಅನ್ನುತ್ತಿದ್ದೆ. ಹಾಗೆ ಮುಚ್ಚಿಟ್ಟ ಎರಡು ವರ್ಷ ಎಷ್ಟು ಸ್ನಾನ ಮಾಡಿಸಿದೆನೋ ಅವರಿಗೆ. ನಿಜ ಗೊತ್ತಾದಾಗ ಅವಳು ನನ್ನ ಜೊತೆ ಒಂದು ವಾರ ಮಾತು ಬಿಟ್ಟಳು. ಸರಿಯಾಗಿಯೇ ಬಿಟ್ಟಳು.

ಮುಚ್ಚಿಡಲು ಕಾರಣ ಇತ್ತು. ಗ್ಯಾರೇಜಿನ ಮಾಲೀಕರು ಕೆಟ್ಟವರಲ್ಲ. ಖಂಡಿತವಾದಿ, ಅಷ್ಟೆ. ಅಲ್ಲಿ ವೈರಿಂಗ್ ಮಾಡುವ ಹಳೆಯ ಮನುಷ್ಯ ಒಬ್ಬ ಇದ್ದ. ಕಣ್ಣು ಮಂಜಾಗಿ ಒಂದು ವೈರನ್ನು ತಪ್ಪಾಗಿ ಸೇರಿಸಿದ. ಮಾಲೀಕರು ಅವನಿಗೆ ಟೀ ಕುಡಿಸಿ, ಕೈ ಮುಗಿದು, ಅದೇ ದಿನ ಮನೆಗೆ ಕಳಿಸಿದರು. “ಕಣ್ಣಿಲ್ಲದವನ ಕೈಗೆ ವೈರು ಕೊಡಬಾರದು, ಕಿವಿ ಇಲ್ಲದವನ ಕೈಗೆ ಇಂಜಿನ್ ಕೊಡಬಾರದು” ಅಂತ ಎಲ್ಲರ ಮುಂದೆ ಅಂದರು. ಅವನು ಆಮೇಲೆ ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತು ಬರುವ ಬಸ್ಸು ಹೋಗುವ ಬಸ್ಸು ಎಣಿಸುತ್ತಿದ್ದ. ಇವರು ಅದನ್ನು ಕಣ್ಣಾರೆ ನೋಡಿಕೊಂಡು ಬಂದು ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಅನ್ನದ ಚಿಂತೆ ಅಲ್ಲ. ಮಗಳು ಹಾಕುತ್ತಿದ್ದಳು. ಆ ಬೆಂಚು ಬೇಡವಾಗಿತ್ತು ಅವರಿಗೆ.

ಹಾಗಾಗಿ ನಾನು ಅವರ ಕಿವಿ ಆದೆ. ಊಟದ ಡಬ್ಬಿ ಹಿಡಿದು ಬೆಳಗ್ಗೆಯೇ ಗ್ಯಾರೇಜಿಗೆ ಹೋಗಿ ಅಲ್ಲೇ ಒಂದು ಖಾಲಿ ಡ್ರಮ್ಮಿನ ಮೇಲೆ ಕೂರುತ್ತಿದ್ದೆ. ಡ್ರೈವರು ಏನು ಹೇಳಿದರೂ ನಾನು ಇವರ ಮುಖ ನೋಡಿಕೊಂಡು ಇನ್ನೊಮ್ಮೆ ಹೇಳುತ್ತಿದ್ದೆ. “ಏರು ಹತ್ತುವಾಗ ಹೊಗೆ ಬರುತ್ತೆ” ಅಂತ ಅವನು. “ಓ, ಏರು ಹತ್ತುವಾಗ ಹೊಗೆಯಾ!” ಅಂತ ನಾನು. ಇವರು ನನ್ನ ತುಟಿ ಓದುತ್ತಿದ್ದರು. ಡ್ರೈವರುಗಳು ನನಗೆ ಗಿಣಿ ಅಂತ ಹೆಸರಿಟ್ಟರು. ಹೇಳಿದ್ದನ್ನೇ ಹೇಳೋ ಹೆಂಗಸು ಅಂತ. ಇಟ್ಟುಕೊಳ್ಳಲಿ. ಇಂಜಿನ್ ಓಡುವಾಗ ನನ್ನ ಕೈ ಮಾತಾಡುತ್ತಿತ್ತು. ಮುಷ್ಟಿ ತೆರೆದು ಮುಚ್ಚಿದರೆ ಇಂಜಿನ್ ತಡವರಿಸುತ್ತಿದೆ ಅಂತ. ಒಂದು ಬೆರಳು ಮೊಣಕಾಲ ಮೇಲೆ ಬಡಿದರೆ ಟಿಕ್ ಟಿಕ್ ಸದ್ದು ಬರುತ್ತಿದೆ ಅಂತ. ಅಂಗೈ ಚಪ್ಪಟೆ ಇಟ್ಟರೆ ಎಲ್ಲ ಸರಿ. ಉಳಿದದ್ದು ಅವರ ಕೈ ನೋಡಿಕೊಳ್ಳುತ್ತಿತ್ತು. ಇಂಜಿನ್ನಿನ ಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚುತ್ತಿದ್ದರು. ಕೆಲವೊಮ್ಮೆ ಉದ್ದ ಸ್ಕ್ರೂಡ್ರೈವರಿನ ತುದಿ ಇಂಜಿನ್ನಿಗೆ ಇಟ್ಟು ಹಿಡಿಯನ್ನು ದವಡೆಗೆ ಒತ್ತಿಕೊಳ್ಳುತ್ತಿದ್ದರು. ಎರಡು ವರ್ಷ ಹೀಗೇ ನಡೆಯಿತು.

ಆಮೇಲೆ ಆ ಲಾರಿ ಬಂತು.

ಬೇಸಿಗೆ. ಬೆಳಗ್ಗೆ ಹತ್ತೂವರೆ. ಇನ್ನೊಂದು ಲಾರಿಗೆ ಹಗ್ಗ ಕಟ್ಟಿ ಎಳೆದು ತಂದರು. ಲಾರಿ ಕಾಣುವ ಮೊದಲೇ ಸದ್ದು ಬಂತು. ಎಂಟು ಸಾವಿರ ಕೋಳಿಮರಿ, ಒಂದು ದಿನದವು, ಟ್ರೇಗಳಲ್ಲಿ ಜೋಡಿಸಿದ್ದರು. ಎಲ್ಲ ಒಟ್ಟಿಗೆ ಚಿಂವ್ ಚಿಂವ್ ಅಂದರೆ ಅದು ಚಿಂವ್ ಚಿಂವ್ ಆಗಿ ಕೇಳೋಲ್ಲ. ಕಿವಿಗೆ ಮೊಳೆ ಹೊಡೆದ ಹಾಗೆ ಕೇಳುತ್ತೆ.

ಲಾರಿ ಮಾತ್ರ ಮದುಮಗಳ ಹಾಗೆ ಇತ್ತು. ಹಿಂದಿನ ದಿನ ತಾನೇ ಬಣ್ಣ ಹೊಡೆಸಿದ್ದರು. ಕೆಂಪು, ಹಳದಿ, ಅಂಚಿಗೆ ನೀಲಿ. ಡ್ರೈವರು ದಪ್ಪ ಆಳು. ಇಳಿದವನೇ ಮೊದಲು ಹೆಗಲ ಮೇಲಿನ ಬಟ್ಟೆಯಿಂದ ಬಾಗಿಲ ಮೇಲಿನ ಧೂಳು ಒರೆಸಿದ. ಆಮೇಲೆ ಕೂಗಿದ.

“ಮೇಸ್ತ್ರಿ! ಬೆಳಗ್ಗೆಯಿಂದ ಮೂರು ಸಲ ನಿಂತಿದೆ. ಹೊರಡೋವಾಗ ಟ್ಯಾಂಕ್ ಫುಲ್ ಮಾಡಿಸಿದ್ದೀನಿ. ಅರ್ಧ ಗಂಟೆ ಸುಮ್ನಿದ್ರೆ ಸ್ಟಾರ್ಟ್ ಆಗುತ್ತೆ, ಸ್ವಲ್ಪ ದೂರ ಹೋಗುತ್ತೆ, ಮತ್ತೆ ಸಾಯುತ್ತೆ. ಈಗ ಅದೂ ಇಲ್ಲ. ಒಳಗೆ ಮರಿಗಳಿವೆ. ಗಾಡಿ ಓಡಿದ್ರೆ ಗಾಳಿ, ನಿಂತ್ರೆ ಒಲೆ. ಇನ್ನೊಂದು ಗಂಟೆ ಹೀಗೇ ನಿಂತ್ರೆ ಎಲ್ಲಾ ಹೋಗ್ತವೆ!”

ಇಷ್ಟನ್ನು ಕೇಳಿಸಿಕೊಳ್ಳಲು ನಾನು ಅವನ ಬಾಯಿಗೆ ಕಿವಿ ಇಡಬೇಕಾಯಿತು. ಆಮೇಲೆ ಇವರ ಕಡೆ ತಿರುಗಿ, “ಮೂರು ಸಲ ನಿಂತಿತಾ? ಟ್ಯಾಂಕ್ ಫುಲ್ಲಾ? ಅರ್ಧ ಗಂಟೆ ಬಿಟ್ರೆ ಸ್ಟಾರ್ಟ್ ಆಗುತ್ತಾ?” ಅಂದೆ.

“ಏ ಗಿಣಿಯಕ್ಕ, ನಾನು ಹೇಳಿದ್ದನ್ನೇ ಹೇಳ್ತೀಯಲ್ಲ, ರಿಪೇರಿ ಮಾಡ್ಸು ಮಾರಾಯ್ತಿ!” ಅಂದ ಡ್ರೈವರು.

ಮಾಲೀಕರು ಆಫೀಸಿನಿಂದ ಓಡಿ ಬಂದರು. ಟ್ರೇಗಳನ್ನು ನೆರಳಿಗೆ ಇಳಿಸಿ ಅಂತ ಸನ್ನೆ ಮಾಡಿದರು. ಆಚೀಚೆ ಅಂಗಡಿಯವರೂ ಕೈ ಹಚ್ಚಿದರು. ನಾನೂ ಎರಡು ಟ್ರೇ ಇಳಿಸಿದೆ. ಮೂಲೆಯಲ್ಲಿದ್ದ ಕೆಲವು ಮರಿಗಳು ಆಗಲೇ ಕತ್ತು ಚಾಚಿ ಮಲಗಿದ್ದವು. ರಟ್ಟು ಹಿಡಿದು ಗಾಳಿ ಹಾಕಿದೆವು. ಎಂಟು ಸಾವಿರಕ್ಕೆ ಎಷ್ಟು ರಟ್ಟು ಬೀಸೋದು?

ಆಗ ಬಂದ ಪಂಪಿನವನು. ರಸ್ತೆಯಾಚೆ ಅವನ ಅಂಗಡಿ. ದೊಡ್ಡ ಪಂಪು ಬಿಚ್ಚಿ ಜೋಡಿಸುವುದು ಒಂದೇ ಅವನ ಕೆಲಸ. ಹಾಗಾಗಿ ಯಾವ ಲಾರಿ ನಿಂತರೂ ಅವನಿಗೆ ಪಂಪೇ ಕಾಣುತ್ತಿತ್ತು. ಮಾಲೀಕರ ಕಿವಿಯಲ್ಲಿ ಕೂಗಿದ. “ಪಂಪ್ ಹೋಗಿದೆ ಅಣ್ಣ, ನೋಡ್ದಾಗಲೇ ಗೊತ್ತಾಯ್ತು. ಇಳಿಸಿ ಕೊಡಿ. ನಾಳೆ ಸಾಯಂಕಾಲ ರೆಡಿ.”

“ನಾಳೆ ಸಾಯಂಕಾಲ ನಾನು ಎಂಟು ಸಾವಿರ ಹೆಣ ಹೂಳ್ಬೇಕಷ್ಟೆ!” ಅಂದ ಡ್ರೈವರು.

ನಾನು ಇವರನ್ನು ನೋಡಿದೆ. ಆ ಗದ್ದಲದಲ್ಲಿ ನನಗೂ ಏನೂ ಕೇಳುತ್ತಿರಲಿಲ್ಲ. ಸಣ್ಣ ಸದ್ದು, ಸುಯ್ ಅನ್ನೋದು, ಗುಳು ಗುಳು ಅನ್ನೋದು, ಒಂದೂ ಇಲ್ಲ. ಕಿವಿ ಮುಟ್ಟಿ ತೋರಿಸಿ ಕೈ ಆಡಿಸಿದೆ. ನನ್ನಿಂದ ಆಗಲ್ಲ ಅಂತ. ಇವರು ನಕ್ಕರು. ಇವತ್ತು ಎಲ್ಲರೂ ನನ್ನ ಹಾಗೇ ಅನ್ನೋ ನಗು. ಅಂಗಿಯ ತೋಳು ಮಡಚಿದರು.

ಡ್ರೈವರನ್ನು ಸೀಟಿಗೆ ಹತ್ತಿಸಿ, ಒಂದೇ ಒಂದು ಸಲ ಸೆಲ್ಫ್ ಹೊಡೆಯಲು ಬೆರಳು ತೋರಿಸಿದರು. ಇಂಜಿನ್ನು ತಿರುಗಿತು, ಹತ್ತಲಿಲ್ಲ. ಇವರು ಹಿಂದೆ ಸೈಲೆನ್ಸರ್ ಹತ್ತಿರ ಕೂತು ಹೊಗೆ ನೋಡುತ್ತಿದ್ದರು. ಬಿಳಿ ಹೊಗೆ ಬಂದರೆ ಡೀಸೆಲ್ ಬರುತ್ತಿದೆ, ಉರಿಯುತ್ತಿಲ್ಲ ಅಂತ. ಹೊಗೆಯೇ ಇಲ್ಲದಿದ್ದರೆ ಡೀಸೆಲ್ಲೇ ಬರುತ್ತಿಲ್ಲ ಅಂತ. ಹೊಗೆ ಇರಲಿಲ್ಲ. ಡ್ರೈವರು ಮತ್ತೆ ಮತ್ತೆ ಸೆಲ್ಫ್ ಹೊಡೆಯಲು ಹೋದ. ಇವರು ಹೋಗಿ ಅವನ ಕೈ ಹಿಡಿದು ಬದಿಗಿಟ್ಟರು, ಮಗುವಿನ ಕೈಯಿಂದ ಚಾಕು ತೆಗೆದ ಹಾಗೆ. ಬ್ಯಾಟರಿ ಸಾಯಿಸಬೇಡ ಅಂತ. ಇಂಜಿನ್ ನಿಲ್ಲಿಸುವ ವೈರು ಎಲ್ಲಾದರೂ ಸಿಕ್ಕಿಕೊಂಡಿದೆಯಾ ನೋಡಿದರು. ಇಲ್ಲ.

ಆಮೇಲೆ ಚಿಕ್ಕ ಪಂಪಿನ ಮೇಲಿನ ಗುಂಡಿ. ಅದನ್ನು ಒತ್ತಿದರೆ ಡೀಸೆಲ್ ಮೇಲೆ ಬರಬೇಕು, ಬಿಟ್ಟರೆ ಗುಂಡಿ ತಾನೇ ಮೇಲೆ ಏಳಬೇಕು. ಇವರು ಒತ್ತಿದರು. ಗುಂಡಿ ಏಳಲಿಲ್ಲ. ಎಳೆದರೆ ಕೈಯನ್ನೇ ವಾಪಸ್ ಎಳೆಯಿತು. ನನ್ನನ್ನು ಕರೆದು ನನ್ನ ಕೈಯನ್ನೂ ಅದರ ಮೇಲಿಟ್ಟರು. ಕರು ಬೆರಳು ಚೀಪಿದ ಹಾಗಿತ್ತು. ಒಳಗಿಂದ ಯಾರೋ ಎಳೆಯುತ್ತಿದ್ದರು.

ಪಂಪಿನವನು ಇವರ ಬೆನ್ನ ಹಿಂದೆಯೇ ನಿಂತಿದ್ದ. ಗೇಣು ದೂರ. ಬಗ್ಗಿ, ಜೋರಾಗಿ ಅಂದ: “ಈ ಮುದುಕನಿಗೆ ಸವರೋದು ಬಿಟ್ರೆ ಏನು ಬರುತ್ತೆ? ಲಾರೀನ ಎಮ್ಮೆ ಅಂದ್ಕೊಂಡಿದ್ದಾನೆ.” ನನಗೇ ಕೇಳಿತು. ಇವರ ಬೆನ್ನು ಕದಲಲಿಲ್ಲ. ಅವನು ಹುಬ್ಬು ಗಂಟಿಕ್ಕಿ ಇವರ ಕಿವಿಯನ್ನೇ ನೋಡಿದ. ಅದನ್ನು ನಾನೂ ನೋಡಿದೆ.

ಇವರು ಎದ್ದರು. ಟ್ಯಾಂಕಿನ ಹತ್ತಿರ ಹೋದರು. ಬಿಚ್ಚೋದು ಕೊನೆಗೆ ಅಲ್ಲವಾ? ಡೀಸೆಲ್ ಹೊರಡುವ ಜಾಗಕ್ಕೇ ಹೋದರು. ಟ್ಯಾಂಕಿಗೂ ಕೆಂಪು ಬಣ್ಣ. ಅದರ ಮುಚ್ಚಳಕ್ಕೆ ಹಳದಿ. ಮುಚ್ಚಳದ ನಡುವೆ ಪೇಂಟರು ಒಂದು ಹೂವು ಬರೆದಿದ್ದ. ಐದು ಎಸಳು, ನಡುವೆ ದಪ್ಪ ಬೊಟ್ಟು. ಚೆನ್ನಾಗಿಯೇ ಬರೆದಿದ್ದ. ಇವರು ಆ ಹೂವನ್ನು ತುಂಬ ಹೊತ್ತು ನೋಡಿದರು. ಆಮೇಲೆ ಎಡಗೈ ಬೆರಳುಗಳನ್ನು ಮುಚ್ಚಳದ ಸುತ್ತ ಒತ್ತಿಕೊಂಡು, ಬಲಗೈಯಿಂದ ಮೆಲ್ಲಗೆ ತಿರುಗಿಸಿದರು. ಬಿಗಿಯಾಗಿತ್ತು. ಕೈಯಿಂದ ತಟ್ಟಿ ತಿರುಗಿಸಿದರು. ಅದು ಸಡಿಲವಾಗುತ್ತಿದ್ದ ಹಾಗೆ ಅವರ ಮುಖ ಬದಲಾಯಿತು. ಬೆರಳ ಸಂದಿಯಿಂದ ಗಾಳಿ ಒಳಕ್ಕೆ ಓಡಿತಂತೆ, ತಣ್ಣಗೆ. ಕಿವಿ ಇದ್ದವರಿಗೆ ಬೇರೆ ದಿನ ಆಗಿದ್ದರೆ ಸುಯ್ ಅಂತ ಕೇಳುತ್ತಿತ್ತು. ಆವತ್ತು ಅಲ್ಲಿ ಹತ್ತು ಜನ ಕಿವಿ ಇದ್ದವರಿದ್ದರು. ಒಬ್ಬರಿಗೂ ಕೇಳಲಿಲ್ಲ.

ಅಡುಗೆ ಮಾಡುವವರಿಗೆ ಇದು ಗೊತ್ತು. ಎಣ್ಣೆ ಡಬ್ಬಕ್ಕೆ ಒಂದೇ ತೂತು ಹೊಡೆದರೆ ಎಣ್ಣೆ ಬರೋಲ್ಲ. ಗಾಳಿ ಹೋಗಲು ಇನ್ನೊಂದು ಬೇಕು. ಟ್ಯಾಂಕಿನ ಮುಚ್ಚಳದ ನಡುವೆಯೂ ಸೂಜಿಯಷ್ಟು ತೂತು ಇರುತ್ತೆ, ಗಾಳಿಗೆ. ಪೇಂಟರು ಹೂವಿನ ಬೊಟ್ಟನ್ನು ಸರಿಯಾಗಿ ಅದರ ಮೇಲೇ ಇಟ್ಟಿದ್ದ. ಡೀಸೆಲ್ ಖರ್ಚಾದಷ್ಟೂ ಟ್ಯಾಂಕು ಉಸಿರು ಕಟ್ಟಿ ಅದನ್ನು ವಾಪಸ್ ಎಳೆಯುತ್ತಿತ್ತು. ಫುಲ್ ಟ್ಯಾಂಕ್ ಅಂದರೆ ಒಳಗೆ ಗಾಳಿ ಇನ್ನೂ ಕಮ್ಮಿ, ಹಾಗಾಗಿ ಬೇಗ ಬೇಗ ನಿಂತಿತು. ಅರ್ಧ ಗಂಟೆ ಬಿಟ್ಟರೆ ಎಲ್ಲಿಂದಲೋ ಚೂರು ಗಾಳಿ ನುಸುಳಿ ಮತ್ತೆ ಓಡುತ್ತಿತ್ತು. ಇದರಲ್ಲಿ ಪಂಪಿನ ತಪ್ಪೇನು? ಎತ್ತಿಗೆ ಜ್ವರ, ಎಮ್ಮೆಗೆ ಬರೆ.

ಇವರು ನನ್ನ ಕಡೆ ಎರಡು ಬೆರಳು ಜೋಡಿಸಿ ತೋರಿಸಿದರು. ಸೂಜಿ. ನನ್ನ ರವಿಕೆಯಲ್ಲಿ ಯಾವಾಗಲೂ ಒಂದು ಪಿನ್ನು ಇರುತ್ತೆ, ಕೊಟ್ಟೆ. ಡ್ರೈವರು ಹಾರಿ ಬಂದ.

“ಏ ಏ ಏ! ಹೂವು ಮೇಸ್ತ್ರಿ! ಹೊಸ ಹೂವು! ನಮ್ಮ ಸಾಹುಕಾರ್ರಿಗೆ ಭಾರಿ ಇಷ್ಟ ಅದು! ಅದಕ್ಕೂ ಇಂಜಿನ್ಗೂ ಏನು ಸಂಬಂಧ?”

ನಾನು ಇವರಿಗೆ ಹೇಳಲಿಲ್ಲ. ಅವನ ಮುಖ ನೋಡಿದರೇ ಗೊತ್ತಾಗುತ್ತಿತ್ತು. ಇವರು ಮುಚ್ಚಳ ಒರೆಸಿ, ತಿರುಗಿಸಿ ಅವನ ಬಾಯಿಗೆ ಹಿಡಿದರು. “ಊದು.”

ಅವನು ಊದಿದ. ಕೆನ್ನೆ ಎರಡು ಚೆಂಡಾಯಿತು. ಕಣ್ಣು ಹೊರಗೆ ಬಂತು. ಗಾಳಿ ಹೋಗಲಿಲ್ಲ. ಬಾಯಿ ಸುತ್ತ ಡೀಸೆಲ್ ಮೆತ್ತಿಕೊಂಡಿತು. ಇವರು ಮುಚ್ಚಳ ಕಿತ್ತುಕೊಂಡು ಒಳಗಿನಿಂದ ತೂತಿಗೆ ಪಿನ್ನು ಹಾಕಿ ಒತ್ತಿದರು. ಹೂವಿನ ಬೊಟ್ಟಿನಲ್ಲಿ ಚುಕ್ಕೆಯಷ್ಟು ಬೆಳಕು ಕಂಡಿತು. “ಈಗ ಊದು.”

ಈಗ ಗಾಳಿ ಹೋಯಿತು. ಡ್ರೈವರು ಪೆದ್ದು ಪೆದ್ದಾಗಿ ಮುಚ್ಚಳ ನೋಡಿದ, ಹೂವು ನೋಡಿದ. “ಆ ಪೇಂಟರ್ ನನ್ಮಗನ್ನ...” ಅಂದ. ಮುಂದಿನದು ಬರೆಯುವಂಥದ್ದಲ್ಲ.

ಆಮೇಲಿನದು ದಿನದ ಕೆಲಸ. ಗುಂಡಿ ಒತ್ತಿ ಒತ್ತಿ ಡೀಸೆಲ್ ತಂದರು. ಫಿಲ್ಟರಿನ ಮೇಲಿನ ಸ್ಕ್ರೂ ಸಡಿಲ ಮಾಡಿದರು. ಮೊದಲು ನೊರೆ ಬಂತು, ಆಮೇಲೆ ಗುಳ್ಳೆ, ಆಮೇಲೆ ಬರೀ ಡೀಸೆಲ್. ಬೆರಳಿನಿಂದ ಮುಟ್ಟಿ ನೋಡಿ ಸ್ಕ್ರೂ ಬಿಗಿ ಮಾಡಿದರು. ಬ್ಯಾಟರಿ ಸೋತಿತ್ತು, ಎಳೆದು ತಂದ ಲಾರಿಯಿಂದ ವೈರು ಕೊಟ್ಟರು. ಕೈ ಎತ್ತಿದರು. ಡ್ರೈವರು ಸೆಲ್ಫ್ ಹೊಡೆದ. ಇಂಜಿನ್ನು ಎರಡು ಸಲ ಕೆಮ್ಮಿ, ಕರಿ ಹೊಗೆ ಕಕ್ಕಿ, ಎದ್ದಿತು.

ಎಲ್ಲರೂ ಹೋ ಅಂದರು. ಟ್ರೇ ಎತ್ತಲು ಓಡಿದರು. ಡ್ರೈವರು ಗೇರ್ ಹಾಕಲು ಹೋದ. ಇವರು ಅಡ್ಡ ನಿಂತರು. ಹತ್ತು ಬೆರಳು ತೋರಿಸಿದರು. ಹತ್ತು ನಿಮಿಷ. ಮೂರು ಸಲ ಓಡಿ ನಿಂತ ಗಾಡಿ ಅದು. ದಾರಿಯಲ್ಲಿ ನಾಲ್ಕನೇ ಸಲ ನಿಂತರೆ ಅಲ್ಲಿ ನೆರಳು ಯಾರು ಕೊಡುತ್ತಾರೆ? ಮಾಲೀಕರೇ ಕೂಗಿದರು, “ಬಿಡೋ ಮಾರಾಯ, ಮರಿ ಸಾಯ್ತವೆ.” ಇವರು ಕದಲಲಿಲ್ಲ. ಮುಚ್ಚಳ ಹಾಕಿ, ಒಂದು ಕೈ ಚಿಕ್ಕ ಪಂಪಿನ ಮೇಲಿಟ್ಟು ನಿಂತರು. ಅಷ್ಟರಲ್ಲಿ ನಾವೆಲ್ಲ ಟ್ರೇಗಳನ್ನು ವಾಪಸ್ ಏರಿಸಿದೆವು. ಕೊನೆಯ ಟ್ರೇ ಏರಿದ ಮೇಲೆ ಇವರು ಕೈ ತೆಗೆದು ಒರೆಸಿಕೊಂಡು, “ಹೋಗು” ಅಂದರು.

ಒಂದು ಟ್ರೇಯಷ್ಟು ಮರಿ ಸತ್ತಿದ್ದವು. ಉಳಿದವು ಹೋದವು, ಕೂಗಿಕೊಂಡೇ ಹೋದವು.

ಲಾರಿ ತಿರುವು ದಾಟಿದ ಮೇಲೆ ಗ್ಯಾರೇಜು ಎಷ್ಟು ನಿಶ್ಶಬ್ದ ಆಯಿತು ಅಂದರೆ ನನಗೆ ಭಯವಾಯಿತು. ಇವರು ಗೋಡೆ ಕಡೆ ಮುಖ ಮಾಡಿ ಸೀಮೆಎಣ್ಣೆಯಲ್ಲಿ ಕೈ ತೊಳೆಯುತ್ತಿದ್ದರು. ಪಂಪಿನವನು ಮಾಲೀಕರ ಪಕ್ಕ ನಿಂತಿದ್ದ. ಅವನ ಮುಖ ಹುಳಿ ಕುಡಿದ ಹಾಗಿತ್ತು.

“ಅಣ್ಣ, ನಿಮಗೊಂದು ತಮಾಷೆ ತೋರಿಸ್ಲಾ?” ಅಂದ. ಬದಿಯಲ್ಲಿದ್ದ ಕಬ್ಬಿಣದ ರಾಡು ತಗೊಂಡ. ತಗಡಿನ ಡಬ್ಬ ಒಂದು ಕೈಯಲ್ಲಿ ಎತ್ತಿ ಹಿಡಿದು, ಇವರ ತಲೆಯ ಹಿಂದೆ ಹೋಗಿ, ಫಟಾರ್ ಅಂತ ಬಾರಿಸಿದ.

ಮಾಲೀಕರು ಬೆಚ್ಚಿ ಹಿಂದೆ ಸರಿದರು. ಎದುರು ಅಂಗಡಿಯವನು ಎದ್ದು ನಿಂತ. ನಾಯಿ ಓಡಿತು. ಇವರು ಕೈ ತೊಳೆಯುತ್ತಲೇ ಇದ್ದರು. ಉಗುರಿನ ಸಂದಿಯ ಮಸಿ ತೆಗೆಯುತ್ತಿದ್ದರು.

“ನೋಡಿದ್ರಾ? ನಿಮ್ಮ ಮೇಸ್ತ್ರಿ ಕಿವುಡ. ಇಷ್ಟು ದಿನ ನಿಮ್ಮ ಕಣ್ಣಿಗೆ ಮಣ್ಣೆರಚಿದ್ದಾರೆ, ಗಂಡ ಹೆಂಡತಿ ಇಬ್ಬರೂ ಸೇರಿ.”

ಮಾಲೀಕರು ನನ್ನನ್ನು ನೋಡಿದರು. ಯಾವಾಗಲೂ ನಾನು ಏನಾದರೂ ಹೇಳಿ ಮುಚ್ಚುತ್ತಿದ್ದೆ. ಆವತ್ತು ಆ ಬೆಂಚು ಕಣ್ಣ ಮುಂದೆ ಬಂತು, ಅದರ ಮೇಲೆ ಇವರು ಕೂತ ಹಾಗೆ.

ಇವರು ಕೈ ಒರೆಸುತ್ತಾ ತಿರುಗಿದರು. ರಾಡು ನೋಡಿದರು, ಡಬ್ಬ ನೋಡಿದರು, ನನ್ನ ಮುಖ ನೋಡಿದರು. ಹೇಳಬೇಕಾದ್ದೇನೂ ಉಳಿದಿರಲಿಲ್ಲ.

“ಹೌದು. ಕೇಳಲ್ಲ” ಅಂದರು ಮಾಲೀಕರಿಗೆ. “ಎರಡು ವರ್ಷ ಆಯ್ತು. ಹೇಳ್ಬೇಕಿತ್ತು, ಹೇಳಲಿಲ್ಲ. ತಪ್ಪು ನಂದು. ಇವಳದ್ದಲ್ಲ.”

ಮಾಲೀಕರು ಇವರಿಗೆ ಕಾಣುವ ಹಾಗೆ ಎದುರಿಗೆ ಬಂದು ನಿಂತು, ಬಾಯಿ ಅಗಲಿಸಿ ಕೇಳಿದರು. “ಎರಡು ವರ್ಷದಲ್ಲಿ ನೀನು ಮಾಡಿದ ಗಾಡಿ ಎಷ್ಟು ವಾಪಸ್ ಬಂದವು?”

“ಎರಡು. ಅದರಲ್ಲಿ ಒಂದು ಡ್ರೈವರ್ ತಪ್ಪು.”

“ಒಂದು ನಿನ್ನ ತಪ್ಪು.”

“ಒಂದು ನನ್ನ ತಪ್ಪು.”

ಮಾಲೀಕರು ಪಂಪಿನವನ ಕಡೆ ತಿರುಗಿದರು. “ನಿಂಗೆ ಎರಡೂ ಕಿವಿ ನೆಟ್ಟಗಿವೆ. ಪಂಪ್ ಇಳಿಸು ಅಂದೆ. ಎರಡು ವರ್ಷ ಜೊತೇಲಿದ್ದೂ ಗೊತ್ತಾಗದೇ ಹೋದ ನಾನು ಇವನಿಗಿಂತ ದೊಡ್ಡ ಕಿವುಡ. ಆ ಡಬ್ಬ ಅಲ್ಲಿಟ್ಟು ಹೋಗು. ನಮ್ದು ಅದು.”

ಅವನು ಹೋದ. ನನಗೆ ಅಳು ಬಂತು. ಆದರೆ ಮಾಲೀಕರು ಮುಗಿಸಿರಲಿಲ್ಲ. ನನ್ನ ಮೇಲೆ ಕೆಂಡವಾದರು.

“ಏನಮ್ಮಾ ನೀನು? ಇವನು ಲಾರಿ ಕೆಳಗೆ ಮಲಗಿರ್ತಾನೆ. ಮೇಲೆ ಯಾವನೋ ಸ್ಟಾರ್ಟ್ ಮಾಡಿ, ಪಕ್ಕಕ್ಕೆ ಸರಿ ಅಂತ ಕೂಗಿ ಮುಂದೆ ಹೋದ್ರೆ? ಇವನಿಗೆ ಕೇಳುತ್ತಾ? ನೀನು ಡ್ರಮ್ ಮೇಲೆ ಕೂತು ಏನು ಮಾಡ್ತಿದ್ದೆ?”

ಅದೇ ಭಯ ನನಗೂ ಇತ್ತು. ಎರಡು ವರ್ಷ ಪ್ರತಿ ಲಾರಿಯ ಚಕ್ರದ ಮೇಲೆ ನನ್ನ ಕಣ್ಣಿತ್ತು. ಹೇಳಿದೆ.

“ಕಣ್ಣು ಸಾಲಲ್ಲ” ಅಂದರು. ಇವರ ಅಂಗಿ ಜೇಬು ಬೆರಳಿನಿಂದ ಬಡಿದರು. “ಇನ್ಮೇಲೆ ಯಾವ ಗಾಡಿ ಬರ್ಲಿ, ಚಾವಿ ಮೊದಲು ಇಲ್ಲಿಗೆ ಬರ್ಬೇಕು. ಚಾವಿ ಜೇಬಲ್ಲಿಲ್ದೆ ಕೆಳಗೆ ಹೋದ್ರೆ ಆವತ್ತೇ ನಿನ್ನ ಮನೆಗೆ ಕಳಿಸ್ತೀನಿ. ರಸ್ತೆ ಮೇಲೆ ಟ್ರಯಲ್ ನೀನು ಓಡಿಸ್ಬಾರ್ದು. ಹಾರನ್ ಕೇಳ್ದೆ ಯಾರ ಕೆಳಗಾದ್ರೂ ಹೋಗ್ತೀಯ. ಮತ್ತೆ ಎಲ್ಲರಿಗೂ ಹೇಳ್ಬೇಕು. ಮುಚ್ಚುಮರೆ ಸಾಕು.” ಆಮೇಲೆ ನನಗೆ: “ನೀನೂ ಬಾ. ಡಬ್ಬಿ ನೆಪ ಬೇಡ, ಕುರ್ಚಿ ಹಾಕಿಸ್ತೀನಿ.”

ಇವರಿಗೆ ಎಷ್ಟು ಅರ್ಥವಾಯಿತೋ. ಜೇಬಿನ ಮಾತು ಮಾತ್ರ ಆಯಿತು. ಜೇಬಿನ ಮೇಲೆ ಕೈಯಿಟ್ಟುಕೊಂಡು ತಲೆ ಆಡಿಸಿದರು.

ಮಾರನೇ ದಿನದಿಂದ ಬಂದ ಡ್ರೈವರುಗಳಿಗೆ ಅವರೇ ಹೇಳುತ್ತಿದ್ದರು. “ನಂಗೆ ಕಿವಿ ಕೇಳಲ್ಲ. ಕೂಗ್ಬೇಡಿ, ಇವಳಿಗೆ ಹೇಳಿ. ಚಾವಿ ಕೊಡಿ.” ಕೆಲವರು ಗಾಡಿ ತಿರುಗಿಸಿಕೊಂಡು ಬೇರೆ ಕಡೆ ಹೋದರು. ಒಂದಿಷ್ಟು ದಿನ ಗ್ಯಾರೇಜಿನ ಅರ್ಧ ಜಾಗ ಖಾಲಿ ಇತ್ತು. ಮಾಲೀಕರು ಏನೂ ಅನ್ನಲಿಲ್ಲ. ಹೋದವರು ಒಬ್ಬೊಬ್ಬರಾಗಿ ವಾಪಸ್ ಬಂದರು, ಬೇರೆಯವರು ಬಿಚ್ಚಿ ಹರಡಿದ ಗಾಡಿ ಎಳೆಸಿಕೊಂಡು. ಪಂಪಿನವನೂ ಒಂದು ದಿನ ಸಲಹೆ ಕೇಳಲು ಬಂದ. ಅವನು ಕೇಳಿದ್ದು ನಾನು ಇವರಿಗೆ ತಡವಾಗಿಯೇ ಹೇಳಿದೆ. ಸ್ವಲ್ಪ ಹೊತ್ತು ನಿಲ್ಲಲಿ ಅಂತ.

ಆರು ವರ್ಷ ಹೀಗೆ ಮಾಡಿದರು. ನಾಯಿಗೆ ಹೇಳುವ ಹಾಗೆ ಯಾರೂ ಅವರಿಗೆ ಸನ್ನೆ ಮಾಡಲಿಲ್ಲ. ಮೇಸ್ತ್ರಿ ಅಂತಲೇ ಕರೆದರು, ಕೇಳದಿದ್ದರೂ.

ಹೋದ ದಿನವೂ ಕೆಲಸದಲ್ಲೇ ಇದ್ದರು. ಮಧ್ಯಾಹ್ನ ಒಂದು ಲಾರಿಯ ಕೆಳಗಿಂದ ಎದ್ದು ಬಂದರು. ಕೈ ಒರೆಸಿಕೊಂಡರು. ಚಕ್ರಕ್ಕೆ ಒರಗಿ ನೆಲದ ಮೇಲೆ ಕೂತರು. ಸುಸ್ತಾಗಿದೆ ಅಂದುಕೊಂಡು ನೀರು ತಂದೆ. ನೀರು ಕುಡಿಯಲಿಲ್ಲ. ಆಸ್ಪತ್ರೆಗೆ ಮುಟ್ಟುವ ಮೊದಲೇ ಎಲ್ಲ ಮುಗಿದಿತ್ತು.

ಸಂಜೆ ಮನೆ ತುಂಬ ಜನ. ಮಧ್ಯಾಹ್ನ ಇವರು ರಿಪೇರಿ ಮಾಡುತ್ತಿದ್ದ ಲಾರಿಯ ಡ್ರೈವರು ಹೊಸಬ, ಬಾಗಿಲ ಹತ್ತಿರ ಮೂರು ಗಂಟೆ ಹೊತ್ತು ನಿಂತಿದ್ದ. ಆಮೇಲೆ ನನಗೆ ಹೊಳೆಯಿತು. ಆಸ್ಪತ್ರೆಯವರು ಕೊಟ್ಟಿದ್ದ ಚೀಲದಲ್ಲಿ ಇವರ ಅಂಗಿ ಇತ್ತು. ಅದರ ಜೇಬಿನಿಂದ ಚಾವಿ ತೆಗೆದೆ. ತಗೋ ಅಂದೆ.

“ಇರ್ಲಿ ಅಕ್ಕ. ಗಾಡಿ ಇವತ್ತೇ ಬೇಕು ಅಂತಿಲ್ಲ. ನಿಧಾನಕ್ಕೆ ಬೇರೆ ಯಾರಾದ್ರೂ ನೋಡ್ಲಿ” ಅಂದ.

“ಬೇರೆಯವರು ಯಾಕೆ ನೋಡ್ಬೇಕು? ಕೆಲಸ ಮುಗಿದಿದೆ. ಮುಗೀದೆ ಅವರು ಕೆಳಗಿಂದ ಏಳ್ತಿರಲಿಲ್ಲ. ಹೋಗಪ್ಪ.”

ಅವನು ಹೋದ. ಒಂದೇ ಸಲ ಸೆಲ್ಫ್ ಹೊಡೆದ. ಗಾಡಿ ಎದ್ದಿತು.